ಹತ್ತುವಾಗ ಸುಮ್ಮನಿದ್ದ ಮಂಡಿ ಇಳಿಯುವಾಗ ಯಾಕೆ ಕೈಕೊಟ್ಟಿತು?

ಪ್ರಶ್ನೆ: ಮೇಡಂ, ನನಗೆ 44 ವರ್ಷ, ತೂಕ 78 ಕೆಜಿ. ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿ. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಐದು ಕಿಲೋಮೀಟರ್ ವಾಕಿಂಗ್ ಮಾಡುತ್ತೇನೆ. ನಾಲ್ಕು ವರ್ಷದಿಂದ ತಪ್ಪಿಸಿಲ್ಲ. ಎರಡು ವಾರದ ಹಿಂದೆ ಆಫೀಸಿನ ಆರು ಜನ ಸೇರಿ ಕುಮಾರ ಪರ್ವತಕ್ಕೆ ಹೋಗಿದ್ದೆವು. ಬೆಳಿಗ್ಗೆ ಏಳಕ್ಕೆ ಕುಕ್ಕೆಯಿಂದ ಹೊರಟು, ಮಧ್ಯಾಹ್ನ ಒಂದೂವರೆಗೆ ತುದಿ ಮುಟ್ಟಿ, ಅದೇ ದಿನ ವಾಪಸ್. ಬೆನ್ನ ಮೇಲೆ 11 ಕೆಜಿ ಬ್ಯಾಗ್. ಹತ್ತುವಾಗ ಎಲ್ಲರಿಗಿಂತ ಮುಂದೆ ನಾನೇ ಇದ್ದೆ. ತುದಿಗೆ ಮುಂಚೆ ಸಿಗುವ ಶೇಷ ಪರ್ವತ ಇಳಿಯುವಾಗ ಬಲ ಮಂಡಿಯ ಮುಂದೆ, ಚಿಪ್ಪಿನ ಸುತ್ತ ನೋವು ಶುರುವಾಯಿತು. ದಾರಿ ಮಧ್ಯೆ ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ ಹತ್ತಿರ ಬರುವಾಗ ತಲೆ ಸಿಡಿಯುತ್ತಿತ್ತು, ಎರಡು ಸಲ ವಾಂತಿಯೂ ಆಯಿತು. ಅಲ್ಲಿ ಅನ್ನ, ಉಪ್ಪು ಹಾಕಿದ ಮಜ್ಜಿಗೆ, ಉಪ್ಪಿನಕಾಯಿ ಸಿಕ್ಕಿತು. ಒಂದು ಗಂಟೆ ಕೂತ ಮೇಲೆ ಸುಧಾರಿಸಿತು. ಕೆಳಗೆ ಬಂದಾಗ ರಾತ್ರಿ ಎಂಟೂವರೆ. ಆಮೇಲೆ ಮೂರು ದಿನ ಮನೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಈಗ ತೊಡೆ ನೋವು ಹೋಗಿದೆ. ಆದರೆ ಮೆಟ್ಟಿಲು ಇಳಿಯುವಾಗ ಮತ್ತು ಕುರ್ಚಿಯಿಂದ ಏಳುವಾಗ ಮಂಡಿ ಇನ್ನೂ ನೋಯುತ್ತದೆ, ಕಟಕಟ ಅನ್ನುತ್ತದೆ. ಊತ ಇಲ್ಲ. ಪರಿಚಯದವರೊಬ್ಬರು "ಗ್ರೀಸ್ ಹೋಗಿದೆ, ಇನ್ನು ಬೆಟ್ಟ ಗಿಟ್ಟ ಬಿಡಿ" ಅಂದರು. ಡಿಸೆಂಬರ್ ಕೊನೆಗೆ ಹಿಮಾಲಯದ ಕೇದಾರಕಂಠ ಟ್ರೆಕ್ ಬುಕ್ ಆಗಿದೆ, ಇನ್ನು ಹತ್ತು ವಾರ ಇದೆ. ಹೋಗಲಾ, ಬಿಡಲಾ? ತಲೆನೋವು ಎತ್ತರದ್ದಾ? ಅಂದು ಏಳು ಲೀಟರ್ ನೀರು ಕುಡಿದಿದ್ದೆ. ಹಾಗಾಗಿ ನೀರಿನ ಕೊರತೆ ಅಲ್ಲವೇ ಅಲ್ಲ. ಇನ್ನೊಂದು ವಿಷಯ. ನಮ್ಮ ಜೊತೆ ಬಂದಿದ್ದ ಅಟೆಂಡರ್ ಒಬ್ಬರಿಗೆ 52 ವರ್ಷ, ತೀರ್ಥಹಳ್ಳಿ ಕಡೆಯವರು. ವಾಕಿಂಗ್, ಜಿಮ್ ಏನೂ ಇಲ್ಲ. ಸಾದಾ ಚಪ್ಪಲಿ ಹಾಕಿಕೊಂಡು ಆರಾಮಾಗಿ ಇಳಿದರು. ಅವರಿಗೆ ಏನೂ ಆಗಲಿಲ್ಲವಲ್ಲ, ಹೇಗೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರೊಳಗೇ ಇದೆ.

ತೀರ್ಥಹಳ್ಳಿ ಕಡೆ ಮನೆ ಒಂದು ದಿಬ್ಬದ ಮೇಲೆ, ತೋಟ ಕೆಳಗೆ, ಗದ್ದೆ ಇನ್ನೂ ಕೆಳಗೆ. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಇಳಿಯೋದು, ಹತ್ತೋದು. ಅದೂ ತಲೆ ಮೇಲೆ ಸೊಪ್ಪಿನ ಹೊರೆಯೋ ಅಡಿಕೆ ಗೊನೆಯೋ ಇರುವಾಗ. ನೀವು ನಾಲ್ಕು ವರ್ಷ ತಪ್ಪದೆ ನಡೆದಿದ್ದೀರಿ, ನಿಜ. ಆದರೆ ದಾವಣಗೆರೆಯ ಪಾರ್ಕಿನಲ್ಲಿ ಇಳಿಜಾರು ಎಲ್ಲಿದೆ? ನಿಮ್ಮ ಎದೆ, ಉಸಿರು ತಯಾರಾಗಿದ್ದವು. ಅದಕ್ಕೇ ಹತ್ತುವಾಗ ಎಲ್ಲರಿಗಿಂತ ಮುಂದಿದ್ದಿರಿ. ತೊಡೆ ಮಾತ್ರ ಇಳಿಯುವ ಕೆಲಸಕ್ಕೆ ತಯಾರಿರಲಿಲ್ಲ. ನಿಮ್ಮ ಜೊತೆಗಾರರದ್ದು ಸರಿಯಾಗಿ ಉಲ್ಟಾ. ಹತ್ತುವಾಗ ಅವರು ಹಿಂದೆ ಬಿದ್ದಿದ್ದರೂ ಆಶ್ಚರ್ಯ ಇಲ್ಲ.

ಹತ್ತುವಾಗ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕುಗ್ಗುತ್ತಾ ನಿಮ್ಮನ್ನು ಮೇಲೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಬ್ರೇಕ್ ಹಿಡಿಯುತ್ತದೆ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೇವಲ್ಲ, ಹಾಗೆ. ಬಿಗಿ ಹಿಡಿದುಕೊಂಡೇ ಬಿಡಬೇಕು. ಈ ಕೆಲಸಕ್ಕೆ ಉಸಿರು ಜಾಸ್ತಿ ಬೇಡ, ಹಾಗಾಗಿ ಸುಸ್ತು ಗೊತ್ತಾಗುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಗಾಯ ಆಗುವುದು ಇದರಲ್ಲೇ. ಆ ನೋವು ಕೂಡಲೇ ಬರುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ನಿಮ್ಮ ಆ ಮೂರು ದಿನದ ಮೆಟ್ಟಿಲ ಕಷ್ಟ ಇದೇ. ಅದರಿಂದ ಶಾಶ್ವತ ಹಾನಿ ಇಲ್ಲ.

ನನಗೂ ಆಗಿದೆ ಬಿಡಿ. ಫಿಸಿಯೋಥೆರಪಿ ಓದು ಮುಗಿಸಿದ ವರ್ಷ ಇದೇ ಕುಮಾರ ಪರ್ವತಕ್ಕೆ ಹೋಗಿ ಬಂದು, ಎರಡು ದಿನ ಹಾಸ್ಟೆಲ್ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದಿದ್ದೇನೆ. ಸ್ನಾಯುಗಳ ಬಗ್ಗೆ ಪರೀಕ್ಷೆ ಬರೆದು ರ‍್ಯಾಂಕ್ ಹತ್ತಿರ ಬಂದಿದ್ದ ಹುಡುಗಿ!

ಇನ್ನು ಮಂಡಿ. ತೊಡೆ ಸೋತಾಗ ಬ್ರೇಕ್ ಕೆಲಸದ ಪಾಲು ಕೀಲಿನ ಮೇಲೆ ಬೀಳುತ್ತದೆ. ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಚಿಪ್ಪಿನ ಹಿಂದಿನ ಒತ್ತಡ ಸುಮಾರು ಮೈತೂಕದಷ್ಟು. ಮೆಟ್ಟಿಲಿನಲ್ಲಿ ಅದು ಸುಮಾರು ಮೂರು ಪಟ್ಟು. ಅಂದರೆ ಬೆನ್ನ ಮೇಲಿನ 11 ಕೆಜಿ, ಮಂಡಿಚಿಪ್ಪಿನ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೆ ಮೂವತ್ತು ಕೆಜಿಗೂ ಜಾಸ್ತಿ. ಕುಮಾರ ಪರ್ವತದ ತುದಿ 1,712 ಮೀಟರ್. ಕುಕ್ಕೆ ಇರುವುದು ಹೆಚ್ಚೂಕಮ್ಮಿ ಕರಾವಳಿಯ ಮಟ್ಟದಲ್ಲೇ, ನೂರು ಚಿಲ್ಲರೆ ಮೀಟರಿನಲ್ಲಿ. ಹಾಗಾಗಿ ಒಂದೇ ದಿನ ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಮೇಲಕ್ಕೆ, ಮತ್ತೆ ಅಷ್ಟೇ ಕೆಳಕ್ಕೆ. ಇಳಿಯುವಾಗ ಬಲಗಾಲು ಸಾವಿರಾರು ಸಲ ಆ ಬ್ರೇಕ್ ಹಾಕಿದೆ. ಶೇಷ ಪರ್ವತದಿಂದ ಕಲ್ಲು ಮಂಟಪದ ಕಡೆ ಬರುವ ಬೋಳು ಇಳಿಜಾರು ನೆನಪಿಸಿಕೊಳ್ಳಿ. ನೆರಳಿಲ್ಲ, ಸಡಿಲ ಕಲ್ಲು, ಕಾಲ ಕೆಳಗೆ ಜಾರುವ ಹುಲ್ಲು. ನೋವು ಅಲ್ಲೇ ಶುರುವಾಗಿದ್ದು ಕಾಕತಾಳೀಯ ಅಲ್ಲ.

ನೋವು ಮುಂದೆ ಚಿಪ್ಪಿನ ಸುತ್ತ ಇದೆ. ಇಳಿಯುವಾಗ ಜಾಸ್ತಿ. ಮಂಡಿ ಮಡಚಿ ತುಂಬಾ ಹೊತ್ತು ಕೂತು ಎದ್ದಾಗ ಬರುತ್ತದೆ. ಊತ ಇಲ್ಲ. ಈ ನಾಲ್ಕೂ ಸೇರಿದರೆ ನನ್ನ ಮೊದಲ ಅನುಮಾನ ಮಂಡಿಚಿಪ್ಪು ಮತ್ತು ತೊಡೆ ಮೂಳೆ ಸೇರುವ ಜಾಗಕ್ಕೆ ತಾಳಲಾರದಷ್ಟು ಹೊರೆ ಒಮ್ಮೆಲೇ ಬಿದ್ದಿದೆ ಅಂತ. ನೋಡದೆ, ಮುಟ್ಟದೆ ಹೇಳುತ್ತಿರುವ ಮಾತು ಇದು, ನೆನಪಿರಲಿ. ಆದರೆ ಟ್ರೆಕ್ ಮುಗಿಸಿ ನನ್ನ ಬಳಿ ಬರುವ ಹತ್ತು ಮಂಡಿಗಳಲ್ಲಿ ಹೆಚ್ಚಿನವು ಇದೇ ಕಥೆ ಹೇಳುತ್ತವೆ. ನೋವು ಮಂಡಿಯ ಹೊರಮಗ್ಗುಲಿಗೆ ಇದ್ದಿದ್ದರೆ ಬೇರೆ ಮಾತು. ಅದು ಸೊಂಟದಿಂದ ಮಂಡಿಯವರೆಗೆ ಬರುವ ಗಟ್ಟಿ ಪಟ್ಟಿಯ ತಕರಾರು. ಅದೂ ಇಳಿಜಾರಿನಲ್ಲೇ ಕಾಣಿಸಿಕೊಳ್ಳುತ್ತದೆ.

"ಗ್ರೀಸ್ ಹೋಗಿದೆ" ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಲೀಸು ಅಲ್ವಾ! ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಮಂಡಿ ಸೈಕಲ್ ಚೈನ್ ಅಲ್ಲ. ಒಳಗಿನ ದ್ರವವನ್ನು ಕೀಲಿನ ಒಳಪದರ ತಯಾರಿಸುತ್ತಲೇ ಇರುತ್ತದೆ. ಒಂದು ದಿನದ ನಡಿಗೆಯಲ್ಲಿ ಅದು ಖರ್ಚಾಗಿ ಮುಗಿಯುವುದಿಲ್ಲ. ಮೂಳೆಯ ತುದಿಗೆ ಮೆತ್ತಿಕೊಂಡಿರುವ ಮೆದು ಎಲುಬಿಗೆ ರಕ್ತನಾಳ ಇಲ್ಲ. ಕೀಲು ಮಡಚಿ ಬಿಚ್ಚಿದಾಗ ಆ ದ್ರವದಿಂದಲೇ ಅದಕ್ಕೆ ಪೋಷಣೆ. ಹಾಗಾಗಿ "ಸವೆಯುತ್ತೆ, ನಡೀಬೇಡಿ" ಅನ್ನುವ ಸಲಹೆ ಮಂಡಿಗೆ ಉಪಕಾರಕ್ಕಿಂತ ಅಪಕಾರವನ್ನೇ ಜಾಸ್ತಿ ಮಾಡುತ್ತದೆ. ಕಟಕಟ ಶಬ್ದವೂ ಅಷ್ಟೇ. ನೋವಿಲ್ಲದ ಲಕ್ಷಾಂತರ ಮಂಡಿಗಳು ದಿನಾ ಕಟಕಟ ಅನ್ನುತ್ತವೆ. ಶಬ್ದವನ್ನು ಬಿಡಿ, ನೋವನ್ನು ಗಮನಿಸಿ.

ಈಗಲೇ ಎಂಆರ್‌ಐ ಮಾಡಿಸಲಾ ಅಂತ ನೀವು ಕೇಳಿಲ್ಲ. ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ನಲವತ್ತು ದಾಟಿದ, ಯಾವ ನೋವೂ ಇಲ್ಲದವರ ಮಂಡಿಯನ್ನು ಸ್ಕ್ಯಾನ್ ಮಾಡಿದರೂ ಬಹಳಷ್ಟು ಜನರಲ್ಲಿ ಅಲ್ಪಸ್ವಲ್ಪ ಸವೆತ ಕಾಣುತ್ತದೆ. ತಲೆಗೂದಲು ನರೆತ ಹಾಗೆ. ನಿಮಗೆ ಈಗ ನೋವಿದೆ ಅಂತ ಆ ಹಳೇ ಸವೆತವನ್ನೇ ಕಳ್ಳ ಅಂತ ಹಿಡಿದರೆ ದಾರಿ ತಪ್ಪುತ್ತದೆ. ಆದರೂ ಕೆಲವು ಲಕ್ಷಣ ಕಂಡರೆ ಮೂಳೆ ವೈದ್ಯರ ಹತ್ತಿರ ಹೋಗಲೇಬೇಕು. ಮಂಡಿ ಊದಿಕೊಂಡರೆ, ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಬಿಚ್ಚದೇ ಹೋದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿದರೆ, ರಾತ್ರಿ ಸುಮ್ಮನೆ ಮಲಗಿದ್ದಾಗಲೂ ನೋಯುತ್ತಿದ್ದರೆ ತಡ ಮಾಡಬೇಡಿ. ಬೆಟ್ಟ ಇಳಿದು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮೇಲೆ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ವಿಪರೀತ ಒಡೆದಿದೆ ಅಂತ, ಮೂತ್ರಪಿಂಡಕ್ಕೆ ಅಪಾಯ. ಇವೆರಡಕ್ಕೂ ಅದೇ ದಿನ ಆಸ್ಪತ್ರೆ.

ತಲೆನೋವಿನ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಮಂಡಿಗಿಂತ ಜಾಸ್ತಿ ದಿಗಿಲು ಹುಟ್ಟಿಸಿದ್ದು ಅದೇ.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ನಮ್ಮ ಯಾವ ಬೆಟ್ಟದ ತಲೆನೋವನ್ನೂ ಎತ್ತರದ ಮೇಲೆ ಹಾಕುವ ಹಾಗಿಲ್ಲ. ಹಾಗಾದರೆ ಏನು? ಎರಡು ಸಾಧ್ಯತೆ ಇದೆ. ಒಂದು, ಬಿಸಿಲಿನ ಬಳಲಿಕೆ. ಬೋಳುಗುಡ್ಡದ ಮೇಲೆ ಮಧ್ಯಾಹ್ನದ ಹೊತ್ತಿನಲ್ಲಿ ಇದ್ದಿರಿ, ಆದ್ದರಿಂದ ಅದನ್ನು ತಳ್ಳಿಹಾಕಲಾಗದು. ಇನ್ನೊಂದು, ನೀವು "ಅಲ್ಲವೇ ಅಲ್ಲ" ಅಂತ ಬಿಟ್ಟುಬಿಟ್ಟ ನೀರೇ. ಕೊರತೆ ಅಲ್ಲ, ಅತಿಯಾಗಿದ್ದು.

ಬೆವರಿನಲ್ಲಿ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ನೀವು ವಾಪಸ್ ಕೊಟ್ಟಿದ್ದು ಬರೀ ನೀರು. ಅದೂ ಬಾಯಾರಿಕೆ ಇಲ್ಲದಿದ್ದರೂ, "ಗಂಟೆಗೆ ಇಷ್ಟು ಕುಡೀಲೇಬೇಕು" ಅನ್ನುವ ಹಠದಲ್ಲಿ ಕುಡಿದಿದ್ದೀರಿ ಅನಿಸುತ್ತದೆ. ಗಂಟೆಗಟ್ಟಲೆ ದುಡಿಯುವಾಗ ಮೂತ್ರಪಿಂಡ ಹೆಚ್ಚುವರಿ ನೀರನ್ನು ಎಂದಿನಷ್ಟು ಚುರುಕಾಗಿ ಹೊರಹಾಕುವುದಿಲ್ಲ. ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗುತ್ತದೆ. ನೀರು ಜೀವಕೋಶಗಳ ಒಳಕ್ಕೆ ನುಗ್ಗುತ್ತದೆ. ಮಿದುಳು ಗಟ್ಟಿ ಬುರುಡೆಯೊಳಗೆ ಇರುವುದರಿಂದ ಸ್ವಲ್ಪ ಊದಿದರೂ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಇದು ಇನ್ನೂ ಮುಂದೆ ಹೋದರೆ ಮಾತು ತೊದಲುತ್ತದೆ, ಗೊಂದಲವಾಗುತ್ತದೆ, ಫಿಟ್ಸ್ ಬರಬಹುದು. ಮ್ಯಾರಥಾನ್ ಓಟಗಾರರು ಇದರಿಂದ ಸತ್ತದ್ದೂ ಇದೆ. ಕಷ್ಟ ಏನೆಂದರೆ, ಬಿಸಿಲಿನ ಬಳಲಿಕೆಯೂ ಶುರುವಿನಲ್ಲಿ ಹೀಗೇ ಕಾಣುತ್ತದೆ. ಜೊತೆಗಿದ್ದವರು ಪ್ರೀತಿಯಿಂದ "ಇನ್ನೂ ಸ್ವಲ್ಪ ನೀರು ಕುಡೀರಿ" ಅಂತ ಬಾಟಲಿ ಹಿಡಿಯುತ್ತಾರೆ. ನೀರು ಅತಿಯಾಗಿದ್ದೇ ಕಾರಣವಾಗಿದ್ದರೆ ಅದು ಬೆಂಕಿಗೆ ತುಪ್ಪ.

ಬೆಟ್ಟದ ಮೇಲೆ ಇವೆರಡನ್ನು ಬೇರೆ ಮಾಡುವುದು ಹೇಗೆ? ಬಾಯಿ ಒಣಗಿದೆ, ಮೂತ್ರ ಕಮ್ಮಿ ಮತ್ತು ಗಾಢ ಹಳದಿ ಅಂದರೆ ನೀರು ಸಾಲದು. ಬಾಯಾರಿಕೆ ಇಲ್ಲ, ಹೊಟ್ಟೆಯಲ್ಲಿ ನೀರು ಕುಲುಕುತ್ತಿದೆ, ಮೂತ್ರ ನೀರಿನಂತೆ ಬೆಳ್ಳಗೆ ಪದೇ ಪದೇ ಬರುತ್ತಿದೆ ಅಂದರೆ ಜಾಸ್ತಿಯಾಗಿದೆ. ಉಂಗುರ ಬಿಗಿಯಾಗುವುದನ್ನು ಕೆಲವರು ಗುರುತು ಅನ್ನುತ್ತಾರೆ. ಅದನ್ನೊಂದೇ ನಂಬಬೇಡಿ, ಕೈ ಇಳಿಬಿಟ್ಟು ಗಂಟೆಗಟ್ಟಲೆ ನಡೆದರೂ ಬೆರಳು ಊದುತ್ತವೆ. ಖಚಿತವಾಗಿ ಹೇಳುವುದು ರಕ್ತ ಪರೀಕ್ಷೆ ಮಾತ್ರ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ನೀರಿನ ಕಡೆಗೆ ವಾಲುವುದು ಎರಡು ಕಾರಣಕ್ಕೆ. ಏಳು ಲೀಟರ್ ಅನ್ನುವ ಅಂಕಿ ಮತ್ತು ಮಜ್ಜಿಗೆ, ಉಪ್ಪಿನಕಾಯಿ, ಅನ್ನ ಬಿದ್ದ ಮೇಲೆ ಸುಧಾರಿಸಿದ್ದು. ಗಿರಿಗದ್ದೆಯ ಆ ಮನೆಯ ಊಟ ಎಷ್ಟೋ ಚಾರಣಿಗರನ್ನು ಎಬ್ಬಿಸಿ ಕೂರಿಸಿದೆ. ಆದರೂ ಮಜ್ಜಿಗೆ ಜೊತೆ ನೆರಳೂ ಒಂದು ಗಂಟೆ ವಿಶ್ರಾಂತಿಯೂ ಸಿಕ್ಕಿದ್ದರಿಂದ ಬಿಸಿಲಿನ ವಾದವೂ ಪೂರ್ತಿ ಸತ್ತಿಲ್ಲ.

ಮುಂದಿನ ಸಲ ಬಾಯಾರಿದಾಗ ಕುಡಿಯಿರಿ, ಬಾಯಾರಿದಷ್ಟೇ ಕುಡಿಯಿರಿ. ಗಂಟೆಗೆ ಇಷ್ಟೇ ಅನ್ನುವ ಲೆಕ್ಕ ಬೇಡ. ಬೆವರು ಜಾಸ್ತಿ ಇದ್ದರೆ ಜಾಸ್ತಿ. ಜೊತೆಗೆ ಗಂಟೆಗೊಮ್ಮೆ ಉಪ್ಪಿರುವ ಏನಾದರೂ ಬಾಯಿಗೆ ಹಾಕಿ. ಖಾರದ ಕಡಲೆ, ಚಕ್ಕುಲಿ, ಅವಲಕ್ಕಿ, ಚಪಾತಿ ಮತ್ತು ಶೇಂಗಾ ಚಟ್ನಿಪುಡಿ. ನಿಮ್ಮ ಕಡೆಯ ಖಾರಾ ಮಂಡಕ್ಕಿಯೂ ಆಗುತ್ತದೆ, ಹಗುರ ಬೇರೆ. ಓಆರ್‌ಎಸ್ ಒಳ್ಳೆಯದು. ಆದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಪೂರ್ತಿ ಪ್ಯಾಕೆಟ್ ಕಲಸಿ. ಮತ್ತೆ ಓಆರ್‌ಎಸ್ ಇದೆಯಲ್ಲ ಅಂತ ಲೀಟರ್‌ಗಟ್ಟಲೆ ಸುರಿದುಕೊಳ್ಳುವ ಹಾಗಿಲ್ಲ. ಅದರ ಉಪ್ಪಿನ ಅಂಶವೂ ರಕ್ತದ್ದಕ್ಕಿಂತ ಕಮ್ಮಿಯೇ. ಯಾರಿಗಾದರೂ ಮಾತು ತಪ್ಪುತ್ತಿದ್ದರೆ, ಮಂಪರು ಕವಿಯುತ್ತಿದ್ದರೆ ನೀರು ಕುಡಿಸಬೇಡಿ, ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿ.

ಹೊರಡುವ ಮೊದಲು ಮುಂಜಾಗ್ರತೆ ಅಂತ ನೋವಿನ ಮಾತ್ರೆ ನುಂಗುವವರು ಬಹಳ ಜನ. ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಬೆವರು ಸುರಿಯುವ ದಿನ ಮೂತ್ರಪಿಂಡಕ್ಕೆ ಹೊರೆ. ನೀರು ಹೊರಹಾಕುವ ಕೆಲಸಕ್ಕೂ ಅಡ್ಡಿ. ಜೊತೆಗೆ ನೋವನ್ನು ಮುಚ್ಚಿಟ್ಟು ನಿಮ್ಮನ್ನು ಇನ್ನಷ್ಟು ದೂರ ನಡೆಸುತ್ತವೆ. ನಾನು ಬೇಡ ಅನ್ನುತ್ತೇನೆ. ಮಂಡಿಗೆ ಹಾಕುವ ಎಲಾಸ್ಟಿಕ್ ಪಟ್ಟಿ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ, ಹೊರೆ ಇಳಿಸುವುದಿಲ್ಲ. ಇಷ್ಟ ಇದ್ದರೆ ಹಾಕಿ, ಬಿಗಿ ಬೇಡ. ಗ್ಲುಕೋಸಮೈನ್ ಮಾತ್ರೆಗೆ ತಿಂಗಳಿಗೆ ದುಡ್ಡು ಸುರಿಯುವವರನ್ನೂ ನೋಡುತ್ತೇನೆ. ದೊಡ್ಡ ಪ್ರಯೋಗಗಳಲ್ಲಿ ಅದು ಬರೀ ಸಕ್ಕರೆ ಗುಳಿಗೆಗಿಂತ ಒಟ್ಟಾರೆ ಮೇಲು ಅಂತ ಸಾಬೀತಾಗಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾಹಿತಿ: ಅದನ್ನು ಹೆಚ್ಚಾಗಿ ತೆಗೆಯುವುದು ಸೀಗಡಿ, ಏಡಿಗಳ ಚಿಪ್ಪಿನಿಂದ.

ಹಾಗಾದರೆ ಈ ಹತ್ತು ವಾರ ಏನು ಮಾಡಬೇಕು? ಇಳಿಯುವುದನ್ನು ಕಲಿಯಬೇಕು. ಸ್ನಾಯುವಿಗೆ ಒಂದು ಒಳ್ಳೆಯ ಗುಣ ಇದೆ. ಬ್ರೇಕ್ ಹಿಡಿಯುವ ಕೆಲಸವನ್ನು ಸ್ವಲ್ಪ ಸ್ವಲ್ಪ ಮಾಡಿಸಿದರೆ, ಮುಂದಿನ ಸಲ ಅಷ್ಟೇ ಕೆಲಸಕ್ಕೆ ಅದು ಅಷ್ಟು ಗಾಯವಾಗುವುದಿಲ್ಲ. ಈ ರಕ್ಷಣೆ ಕೆಲವು ವಾರ ಉಳಿಯುತ್ತದೆ. ನಿಮ್ಮ ಜೊತೆಗಾರರಿಗೆ ಹುಟ್ಟಿನಿಂದ ಬಂದಿದ್ದು ಅದೇ.

ಮನೆ ಮೆಟ್ಟಿಲೇ ಸಾಕು. ಕೆಳಗಿನ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು, ಗೋಡೆಗೆ ಒಂದು ಬೆರಳು ತಾಗಿಸಿ, ಎಡ ಹಿಮ್ಮಡಿ ನೆಲ ಮುಟ್ಟುವವರೆಗೆ ನಿಧಾನ ಇಳಿಯಿರಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ನಿಧಾನ. ಮಂಡಿ ಒಳಕ್ಕೆ ವಾಲಬಾರದು, ಕಾಲಿನ ಎರಡನೇ ಬೆರಳ ಸಾಲಿನಲ್ಲೇ ಇರಲಿ. ಕನ್ನಡಿ ಮುಂದೆ ಮಾಡಿದರೆ ಗೊತ್ತಾಗುತ್ತದೆ. ಒಂದು ಕಾಲಿಗೆ ಹತ್ತು, ಆಮೇಲೆ ಇನ್ನೊಂದು ಕಾಲಿಗೆ ಹತ್ತು, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ. ಎಂಟು ಇಂಚಿನ ಮೆಟ್ಟಿಲು ನೋಯಿಸಿದರೆ ನಾಲ್ಕು ಇಂಚಿನ ಮಣೆಯಿಂದ ಶುರು ಮಾಡಿ. ನೋವು ಹತ್ತಕ್ಕೆ ಮೂರರೊಳಗೆ ಇದ್ದು, ಮಾರನೇ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಿ. ಬೆಳಿಗ್ಗೆಯೂ ಉಳಿದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ. ಇದರ ಜೊತೆ ಸೊಂಟದ ಹಿಂಭಾಗದ ಸ್ನಾಯುಗಳಿಗೂ ಕೆಲಸ ಕೊಡಿ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ ಹಿಡಿಯುವುದು ಸುಲಭದ್ದು. ನಿಮ್ಮ ಬೆಳಗಿನ ವಾಕಿಂಗ್ ನಿಲ್ಲಿಸಬೇಡಿ.

ಮೂರನೇ ವಾರದಿಂದ ಮೆಟ್ಟಿಲು ಹುಡುಕಿಕೊಂಡು ಹೋಗಿ. ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟ್ ಆಗಬಹುದು. ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಹೌದು, ಉಲ್ಟಾನೇ. ನೋಡಿದವರು ನಗುತ್ತಾರೆ, ನಗಲಿ. ಭಾನುವಾರ ಚಿತ್ರದುರ್ಗದ ಕೋಟೆ ಇದೆ, ನಿಮಗೆ ಒಂದು ಗಂಟೆ ದಾರಿ. ಕಲ್ಲಿನ ಮೆಟ್ಟಿಲು, ಬಂಡೆಯ ಇಳಿಜಾರು ಎರಡೂ ಸಿಗುತ್ತವೆ. ಬ್ಯಾಗು ಐದನೇ ವಾರದಿಂದ. ಮೂರು ಕೆಜಿ ಅಕ್ಕಿ, ಆಮೇಲೆ ಆರು. ಎಂಟನೇ ವಾರಕ್ಕೆ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಮುಳ್ಳಯ್ಯನಗಿರಿಯ ಸರ್ಪದಾರಿಯನ್ನು ಆರು ಕೆಜಿ ಹೊತ್ತು ಹತ್ತಿ ಇಳಿಯಿರಿ, ಮಾರನೇ ದಿನ ಇನ್ನೊಂದು ಬೆಟ್ಟ. ಎರಡನೇ ದಿನದ ಇಳಿತದಲ್ಲಿ ಮಂಡಿ ಏನು ಹೇಳುತ್ತದೋ ಅದೇ ಕೇದಾರಕಂಠದ ಟಿಕೆಟ್.

ಇಳಿಯುವ ರೀತಿಯನ್ನೂ ಬದಲಿಸಬೇಕು. ನಾವು ಬಯಲುಸೀಮೆಯವರು ಇಳಿಜಾರು ಕಂಡ ಕೂಡಲೇ ಹಿಂದಕ್ಕೆ ವಾಲಿ, ಕಾಲು ನೀಟಾಗಿ ಚಾಚಿ, ಹಿಮ್ಮಡಿಯನ್ನು ಧಡ್ ಅಂತ ಊರುತ್ತೇವೆ. ಹೊಡೆತ ಸೀದಾ ಮಂಡಿಗೆ. ಹಿಂದಕ್ಕೆ ವಾಲಿದಾಗ ಜಾರುವುದೂ ಜಾಸ್ತಿ. ಚಿಕ್ಕ ಹೆಜ್ಜೆ ಇಡಿ. ಮಂಡಿ ಸದಾ ಒಂಚೂರು ಮಡಚಿರಲಿ. ಪಾದ ಮೈಯ ಕೆಳಗೇ ಬೀಳಲಿ, ದೂರಕ್ಕೆ ಅಲ್ಲ. ಅಗಲ ದಾರಿಯಾದರೆ ಅಡ್ಡಡ್ಡ ಹಾವಿನಂತೆ ಇಳಿಯಿರಿ. ಓಡಬೇಡಿ. ಎರಡು ಟ್ರೆಕ್ಕಿಂಗ್ ಕೋಲು ಹಿಡಿದರೆ ಇಳಿಜಾರಿನಲ್ಲಿ ಮಂಡಿಯ ಹೊರೆ ನೂರಕ್ಕೆ 12ರಿಂದ 25ರಷ್ಟು ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಇಳಿಯುವಾಗ ಕೋಲನ್ನು ಐದಾರು ಸೆಂಟಿಮೀಟರ್ ಉದ್ದ ಮಾಡಿಕೊಂಡು, ಮೊದಲು ಕೋಲು ಊರಿ ಆಮೇಲೆ ಕಾಲು. ಬಿದಿರ ಕೋಲೂ ನಡೆಯುತ್ತದೆ, ಆದರೆ ಊರಿಂದಲೇ ತನ್ನಿ. ಕುಮಾರ ಪರ್ವತ ಇರುವ ಪುಷ್ಪಗಿರಿ ವನ್ಯಧಾಮದೊಳಗೆ ಕಡಿಯುವ ಹಾಗಿಲ್ಲ.

ಬ್ಯಾಗಿನ ಬಗ್ಗೆ ಬೇಜಾರಾಗದಿದ್ದರೆ ಒಂದು ಮಾತು. ಒಂದು ದಿನದ ದಾರಿಗೆ 11 ಕೆಜಿ ಏನು ತುಂಬಿದ್ದಿರಿ? ಎರಡು ಲೀಟರ್ ನೀರು, ಊಟ, ಮಳೆ ಅಂಗಿ, ಟಾರ್ಚ್, ಒಂದು ಸಣ್ಣ ಔಷಧಿ ಪೊಟ್ಟಣ. ಐದಾರು ಕೆಜಿ ದಾಟಬಾರದು. ಮಧ್ಯೆ ಭಟ್ಟರ ಮನೆಯಲ್ಲಿ ನೀರು ತುಂಬಿಕೊಳ್ಳಬಹುದು.

ಹೊತ್ತಿನ ಲೆಕ್ಕವೂ ತಪ್ಪಿತ್ತು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವ ಬೆಟ್ಟ ಹತ್ತುವವರೊಬ್ಬರು ಒಂದು ಲೆಕ್ಕ ಕೊಟ್ಟರು. ಇಂದಿಗೂ ಕೆಲಸಕ್ಕೆ ಬರುತ್ತದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಒಂದು ಕಡೆ ಸುಮಾರು 12 ಕಿಲೋಮೀಟರ್. ಅಲ್ಲಿಗೆ ಎರಡೂವರೆ ಗಂಟೆ ನಡಿಗೆಗೆ, ಎರಡೂವರೆ ಏರಿಗೆ. ಒಟ್ಟು ಐದು ಗಂಟೆ, ಅದೂ ಗಟ್ಟಿ ಕಾಲಿನವರಿಗೆ, ಎಲ್ಲೂ ಕೂರದೆ, ಫೋಟೋ ತೆಗೆಯದೆ. ನೀವು ಆರೂವರೆ ತಗೊಂಡಿದ್ದು ಸಹಜವೇ. ಆದರೆ ಒಂದೂವರೆಗೆ ತುದಿಯಲ್ಲಿದ್ದವರು ಕತ್ತಲಾಗುವ ಮೊದಲು ಕೆಳಗೆ ಬರುವುದು ಕಷ್ಟ. ಕೊನೆಯ ಕಾಡಿನ ದಾರಿಯನ್ನು, ಬೇರು ಕಲ್ಲುಗಳ ಮೇಲೆ, ಸೋತ ತೊಡೆಯಲ್ಲಿ, ಟಾರ್ಚ್ ಬೆಳಕಿನಲ್ಲಿ ಇಳಿದಿದ್ದೀರಿ. ಜನ ಜಾರಿ ಬೀಳುವುದು ಬಹುಪಾಲು ಇಳಿಯುವಾಗಲೇ. ಆನೆ ಓಡಾಡುವ ಕಾಡು ಬೇರೆ. "ಹನ್ನೆರಡಕ್ಕೆ ಎಲ್ಲೇ ಇರಲಿ, ತಿರುಗೋಣ" ಅಂತ ಮೊದಲೇ ಮಾತಾಡಿಕೊಂಡು ಹೊರಡಬೇಕು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೋದರೆ ದಾರಿಯೂ ಚಿಕ್ಕದು, ಏರೂ ಕಮ್ಮಿ. ಒಂದೇ ದಿನಕ್ಕೆ ಅದು ವಾಸಿ. ಅನುಮತಿ, ಪ್ರವೇಶದ ಹೊತ್ತು, ರಾತ್ರಿ ಉಳಿಯುವ ನಿಯಮ ಆಗಾಗ ಬದಲಾಗುತ್ತವೆ. ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಿ.

ಕೇದಾರಕಂಠಕ್ಕೆ ಹೋಗಲಾ ಬಿಡಲಾ? ನನ್ನ ಕೇಳಿದರೆ ಈಗಲೇ ರದ್ದು ಮಾಡಬೇಡಿ. ಮೊದಲ ನಾಲ್ಕು ವಾರ ವ್ಯಾಯಾಮ ಮಾಡಿ. ಕುರ್ಚಿಯಿಂದ ಏಳುವ ನೋವು ಅರ್ಧಕ್ಕಾದರೂ ಇಳಿದಿದ್ದರೆ ದಾರಿ ಸರಿಯಿದೆ. ಇಳಿಯದಿದ್ದರೆ ಒಬ್ಬ ಫಿಸಿಯೋಥೆರಪಿಸ್ಟ್ ಮುಂದೆ ಹೋಗಿ ನಿಲ್ಲಿ. ಆಗ ಟ್ರೆಕ್ ಮುಂದೂಡುವುದು ಜಾಣತನ. ಎಂಟನೇ ವಾರದ ಪರೀಕ್ಷೆಯಲ್ಲಿ ಅರೆಬರೆ ಪಾಸಾದರೆ ನಡುವಿನ ದಾರಿಯೊಂದಿದೆ. ಬ್ಯಾಗನ್ನು ಹೇಸರಗತ್ತೆಗೋ ಹೊರುವವರಿಗೋ ಕೊಟ್ಟು, ನೀರಿನ ಬಾಟಲಿ ಮಾತ್ರ ಇಟ್ಟುಕೊಂಡು ನಡೆಯುವುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಆದರೆ ಹಿಮದ ಇಳಿಜಾರಿನಲ್ಲಿ ಜಾರುವ ಅಪಾಯ ಹಾಗೇ ಇರುತ್ತದೆ. ತುದಿಯ ದಿನ ನಸುಕಿನಲ್ಲಿ ಹತ್ತಿ, ಅದೇ ದಿನ ತುಂಬಾ ಇಳಿಯಬೇಕು ಅನ್ನುವುದೂ ಗೊತ್ತಿರಲಿ.

ಅಲ್ಲಿನ ಎತ್ತರ ಮಾತ್ರ ನಿಜವಾದ ಎತ್ತರ, ಸುಮಾರು 3,800 ಮೀಟರ್. ಅಲ್ಲಿ ತಲೆನೋವು ಬಂದರೆ ಎತ್ತರದ್ದೇ ಅಂತ ತಿಳಿದುಕೊಳ್ಳಿ, ಇನ್ನೂ ಮೇಲೆ ಹೋಗಬೇಡಿ. ಜಾಸ್ತಿಯಾದರೆ ಇಳಿಯಿರಿ. ಕರ್ಪೂರ ಮೂಸುವುದರಿಂದ ಮೂಗು ತೆರೆದ ಹಾಗೆ ಅನಿಸುತ್ತದೆ ಅಷ್ಟೇ, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಎತ್ತರದ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಬಿಪಿ ಇದೆಯಾ, ಸಲ್ಫಾ ಔಷಧಿಗೆ ಅಲರ್ಜಿ ಇದೆಯಾ ಅನ್ನುವುದನ್ನು ಅವರಿಗೆ ತಪ್ಪದೆ ಹೇಳಿ.

ಶೂ ವಿಷಯ ನೀವು ಬರೆದಿಲ್ಲ. ಇಷ್ಟು ಇಳಿದ ಮೇಲೆ ಹೆಬ್ಬೆರಳ ಉಗುರು ಕಪ್ಪಾಗಿರಬೇಕಲ್ಲ? ಆಗಿದ್ದರೆ, ಬೆರಳು ಶೂ ತುದಿಗೆ ಗುದ್ದಿ ಗುದ್ದಿ ಉಗುರಿನ ಕೆಳಗೆ ರಕ್ತ ಸೇರಿದೆ. ಕೀಳಬೇಡಿ, ತಾನಾಗಿ ಬೀಳಲಿ. ಮುಂದಿನ ಶೂ ಸಂಜೆ ಹೊತ್ತು ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿ ನೋಡಿದಾಗ ಬೆರಳ ಮುಂದೆ ಹೆಬ್ಬೆಟ್ಟಿನಷ್ಟು ಜಾಗ ಇರಲಿ. ಇಳಿಯಲು ಶುರು ಮಾಡುವ ಮೊದಲು ಒಂದು ನಿಮಿಷ ಕೂತು ಲೇಸ್ ಬಿಗಿ ಮಾಡಿ, ಹಿಮ್ಮಡಿ ಅಲುಗಬಾರದು. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬರಲು ಒಂದು ವರ್ಷದ ಮೇಲೆ ಬೇಕು. ಕೇದಾರಕಂಠದ ಹಿಮದಲ್ಲೂ ಅದು ಕಪ್ಪಗೇ ಇರುತ್ತದೆ, ಹೆದರಬೇಡಿ.